ಕೈಗವಸಿನ ಒಳಮೈ

ಆರ್ಜುಲಾ ಟ್ರಿಬೆಟ್ ಅಜ್ಜಿಯ ಬಿಳಿ ಕೈಗವಸು
ಹೊರಗೆ ಹಾಲಿನಷ್ಟು ಬಿಳಿ.
ನಾಳೆ ಪೆಟ್ಟಿಗೆಯಲ್ಲಿ ಅಜ್ಜಿಯ ಕೈಗೆ ತೊಡಿಸಬೇಕು ಎಂದು
ಮೊಮ್ಮಗಳು ಡೆಲ್ಫೀನ್ ಒಗೆಯಲು ಕೂತು
ಒಳಮಗ್ಗುಲು ತಿರುವಿದರೆ
ಬೆರಳ ತುದಿಗೊಂದೊಂದು ಕಪ್ಪು ಚುಕ್ಕೆ.
ಇನ್ನೊಂದರಲ್ಲೂ ಐದು.

ಜಾರ್ಜಿಯಾದ ಆ ಸಣ್ಣ ಊರಿನ
ಬ್ಯಾಪ್ಟಿಸ್ಟ್ ಚರ್ಚಿನ ಬಾಗಿಲಲ್ಲಿ
ಐವತ್ತೆರಡು ವರ್ಷ ನಿಂತವಳು.
ತಿಂಗಳ ಮೊದಲ ಭಾನುವಾರ
ಬಂದವರನ್ನು ಬೆಂಚಿಗೆ ಕೂರಿಸುವ ಕೆಲಸ.
ಎಡಗೈ ಬೆನ್ನ ಹಿಂದೆ, ಬಲಗೈ ಮುಂದೆ,
ಬಾಯಿ ಮುಚ್ಚಿ.
ಕೈ ತೋರಿದ ಕಡೆ ಕೂರಬೇಕು,
ಪಾದ್ರಿಯ ಹೆಂಡತಿಯಾದರೂ ಸರಿಯೆ.

ಅರವತ್ತೆರಡನೇ ಇಸವಿ, ಆಗಸ್ಟಿನ ಧಗೆ.
ಕೋರ್ಟಿನ ಮೆಟ್ಟಿಲ ಮೇಲೆ ಅದೇ ಕೈಗವಸು.
ಮತದಾರರ ಪಟ್ಟಿಗೆ ಹೆಸರು ಬರೆಸಲು ಬಂದವಳ ಹಿಂದೆ
ಹದಿನಾಲ್ಕು ಜನ:
ಮರದ ಮಿಲ್ಲಿನ ಇಬ್ಬರು, ಇಸ್ತ್ರಿಯ ವರ್ಡೆಲ್,
ಊರ ಹೆಣಗಳಿಗೆಲ್ಲ ಟೈ ಕಟ್ಟುವ ಮುದುಕ ಹೋಸಿಯಾ.
ಚರ್ಚಿನಲ್ಲಿ ಕೂರಿಸಿದ ಹಾಗೆಯೇ
ಇಲ್ಲಿ ಸಾಲು ನಿಲ್ಲಿಸಿದ್ದಳು.

ಗುಮಾಸ್ತ ಕೇಳಿದ:
ಈ ಕಟ್ಟಡದಲ್ಲಿ ಇಟ್ಟಿಗೆ ಎಷ್ಟು?
‘ನನ್ನಪ್ಪ ಹೊತ್ತದ್ದೆಷ್ಟು ಅಂತ ಹೇಳಬಲ್ಲೆ.
ಉಳಿದದ್ದು
ನಿಮ್ಮಪ್ಪ ಹೊತ್ತಿದ್ದರೆ ಅವರನ್ನೇ ಕೇಳಿ.’

ಅಷ್ಟಕ್ಕೇ ಠಾಣೆ.
ಗವಸು ಬಿಚ್ಚು ಅಂದರು, ಬಿಚ್ಚಿದಳು.
ಒಂದೊಂದೇ ಬೆರಳು ಹಿಡಿದು
ಶಾಯಿಯಲ್ಲಿ ಹೊರಳಿಸಿ ಕಾಗದಕ್ಕೊತ್ತಿದರು,
ರೊಟ್ಟಿಗೆ ಹಿಟ್ಟು ಒತ್ತಿದ ಹಾಗೆ.
ಒರೆಸಿಕೊಳ್ಳಲು ಚಿಂದಿಯೊಂದನ್ನೂ ಕೊಡಲಿಲ್ಲ.
ಅವಳು ಕೇಳಲೂ ಇಲ್ಲ.
ಹಸಿ ಶಾಯಿಯ ಮೇಲೇ
ಎರಡು ಪದರದ ಆ ಗವಸು ಏರಿಸಿ
ಮಣಿಕಟ್ಟಿನ ಗುಂಡಿ ಹಾಕಿಕೊಂಡಳು.

ನಮ್ಮಲ್ಲಿ ಮತ ಹಾಕಿದ ಮೇಲೆ
ಒಂದು ಬೆರಳಿಗೆ ಶಾಯಿ.
ಅಲ್ಲಿ, ಕೇಳಿದ್ದಕ್ಕೇ
ಹತ್ತಕ್ಕೂ.

ಆಮೇಲೆ ಎಷ್ಟೋ ಜೋಡಿ ಬಂದವು, ಸವೆದವು.
ಇದೊಂದನ್ನು ಮಾತ್ರ
ಯಾರ ಕೈಗೂ ಒಗೆಯಲು ಕೊಡಲಿಲ್ಲ.

ದೇವತೆಯೇನಲ್ಲ.
ಅಂದು ಬರುತ್ತೇನೆಂದು ಬಾರದ ಇಯೋಲಾಳ
ಪೀಚ್ ಕಡುಬನ್ನು ಹನ್ನೊಂದು ವರ್ಷ ಮುಟ್ಟಲಿಲ್ಲ.
‘ಕ್ಷಮಿಸಿದ್ದೇನಮ್ಮ. ಹಸಿವಿಲ್ಲ, ಅಷ್ಟೆ.’
ಪ್ರಾರ್ಥನೆ ಉದ್ದವಾದರೆ
ಕೈಚೀಲದ ಗುಂಡಿ ಟಕ್ ಟಕ್ ಎನಿಸುವಳು;
ಪಾದ್ರಿಗೆ ಅರ್ಥವಾಗುತ್ತಿತ್ತು.

ಕೊನೆಕೊನೆಗೆ ಜಗಳವೆಲ್ಲ ಚರಂಡಿಯದು.
ರೈಲುಹಳಿಯಾಚೆಯ ಬೀದಿಯಲ್ಲಿ
ಎರಡು ಹನಿ ಬಿದ್ದರೆ ಊರ ಹೊಲಸೆಲ್ಲ ಅಡುಗೆಮನೆಗೆ.
ಪುರಸಭೆಯಲ್ಲಿ ಮಾತಿಗೆ ಮೂರೇ ನಿಮಿಷ.
ಮೊಟ್ಟೆ ಬೇಯಿಸುವ ಗಡಿಯಾರವನ್ನು
ತಾನೇ ತರುತ್ತಿದ್ದಳು.
ಒಂದು ನಿಮಿಷ ಮಾತು.
ಎರಡು ನಿಮಿಷ,
ಆ ನೀರು ತುಂಬಿದ ಜಾಡಿ ಮೇಜಿನ ಮೇಲಿಟ್ಟು
ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಿಲ್ಲುವುದು.
ಟ್ರಿಣ್ ಅಂದರೆ
ಜಾಡಿ ಅಲ್ಲೇ ಬಿಟ್ಟು ಹೊರಡುವಳು.
ಹದಿನೇಳು ಜಾಡಿಗಳಾದ ಮೇಲೆ ಪೈಪು ಬಂತು,
ಅರ್ಧ ಬೀದಿಗೆ.

ಡೆಲ್ಫೀನ್ ಗವಸು ಒಗೆಯಲಿಲ್ಲ.
ತನ್ನ ಕೈಗೇರಿಸಿ ನೋಡಿದಳು, ಬಿಗಿ,
ಕಿರುಬೆರಳು ಹೊರಗೇ ಉಳಿಯಿತು.

ಬೆಳಗ್ಗೆ ಬರಿಗೈಯಲ್ಲೇ
ಹೋಗಿ ಬಾಗಿಲಲ್ಲಿ ನಿಂತಳು.
ಎಡಗೈ ಬೆನ್ನ ಹಿಂದೆ.
ಅಜ್ಜಿ ಹೂಗಳ ನಡುವೆ, ಗವಸು ತೊಟ್ಟು, ಕಣ್ಣು ಮುಚ್ಚಿ,
ಯಾರು ತಡವಾಗಿ ಬಂದರೆಂದು ಲೆಕ್ಕವಿಡುವಂತೆ.
ಮೇಯರ್ ಬಂದರು. ಕಪ್ಪು ಕೋಟು, ದೊಡ್ಡ ಹೂಗುಚ್ಛ,
ಕಾಲುಗಳು ತಾವಾಗಿ ಮುಂದಿನ ಬೆಂಚಿನತ್ತ.
ಡೆಲ್ಫೀನಳ ಬಲಗೈ ಎದ್ದಿತು.
ಅಲ್ಲಿ. ಹಿಂದೆ. ಪೈಪು ಬಾರದ
ಅರ್ಧ ಬೀದಿಯವರ ನಡುವೆ.
ಕೂತರು.
ಪಕ್ಕದಲ್ಲಿ ಇಯೋಲಾ, ತೊಡೆಯ ಮೇಲೆ ಕಡುಬಿನ ತಟ್ಟೆ.

ಮನೆಯ ಕಿಟಕಿಯಲ್ಲಿ
ಹದಿನೆಂಟನೆಯ ಜಾಡಿ ಬಿಸಿಲು ಕಾಯುತ್ತಿದೆ.
ಮುಚ್ಚಳ ಬಿಗಿದಿದೆ, ಚೀಟಿ ಅಂಟಿಸಿದೆ,
ಬೀದಿಯ ಹೆಸರಿದೆ.
ತಾರೀಖು ಮಾತ್ರ ಬರೆದಿಲ್ಲ.